ಬಿಜಲಿಯ ಎಂಟನೇ ಐಬು

"ಆ... ಅನ್ನು ಬೇಟಿ, ಆ... ಅನ್ನು!"

ಟಿಪ್ಪುಸಾಬ ಎರಡೂ ಕೈಯಿಂದ ಕುದುರೆಯ ಬಾಯಿ ಅಗಲಿಸಿದ. ಕುದುರೆ 'ಆ' ಅನ್ನಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅನಸೂಯಾ ಮಾತ್ರ ತನಗೇ ಗೊತ್ತಿಲ್ಲದೆ ಬಾಯಿ ತೆರೆದಳು.

"ನಿನಗಲ್ಲ ಬಿಡವಾ ನಾ ಹೇಳಿದ್ದು," ಎಂದ ಟಿಪ್ಪುಸಾಬ. "ನಿನ್ನ ಹಲ್ಲು ನೋಡಿ ನಾ ಏನ ಮಾಡ್ಲಿ? ನಿಮ್ಮಪ್ಪ ನಿನ್ನ ಮಾರಾಕ ಹತ್ತಿಲ್ಲಲ್ಲ!"

ಅವನು ಗಜೇಂದ್ರಗಡದ ಕುದುರೆ ದಲಾಲ. ಇವತ್ತು ಕೊಂಡು ನಾಳೆ ಮಾರುವವ. ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ, ಹಣೆಯ ಮೇಲಿನ ಸುಳಿ ಎಣಿಸಿದ. ಕೊನೆಗೆ ಬೆಲೆ ಅಲ್ಲೇ ಬರೆದಿದೆಯೇನೋ ಎಂಬಂತೆ ಆಕಾಶ ನೋಡಿದ.

"ವಯಸ್ಸು ಹನ್ನೆರಡು. ಹಣಿ ಮ್ಯಾಲ ಎರಡು ಸುಳಿ, ಅದು ಚಲೋ ಅಲ್ಲ. ನೂರಾ ಐವತ್ತು ರೂಪಾಯಿ. ಈಗ ರೊಕ್ಕ, ಈಗ ಕುದುರಿ. ನಾ ಏನೂ ಕೇಳಂಗಿಲ್ಲ, ನೀವು ಏನೂ ಹೇಳೂದು ಬ್ಯಾಡ."

ಅನಸೂಯಾಳ ಅಪ್ಪ ದತ್ತೋಪಂತರು ಕುದುರೆಯ ಕುತ್ತಿಗೆ ಸವರಿದರು. "ಇದನ್ನ ಎಲ್ಲಿಗೆ ಒಯ್ತೀರಿ ಸಾಹೇಬ್ರ?"

"ಮಿರಜ ಕಡೆ ಒಯ್ತೇನ್ರಿ. ಅಲ್ಲಿಂದ ಯಾರು ಹಿಡೀತಾರೋ ಯಾರಿಗೆ ಗೊತ್ತು! ಟಾಂಗಾಕ್ಕ ಹೋಗಬಹುದು, ಇಟ್ಟಂಗಿ ಭಟ್ಟಿಗೆ ಹೋಗಬಹುದು."

ಇಟ್ಟಂಗಿ ಭಟ್ಟಿ! ಅನಸೂಯಾ ಕಟ್ಟೆಯಿಂದ ಇಳಿದಳು. ಊರ ಹೊರಗಿನ ಭಟ್ಟಿಯಲ್ಲಿ ಇಟ್ಟಿಗೆ ಹೊರುವ ಕುದುರೆಗಳನ್ನು ಅವಳು ನೋಡಿದ್ದಳು. ಅವುಗಳ ಪಕ್ಕೆಲುಬನ್ನು ದೂರದಿಂದಲೇ ಎಣಿಸಬಹುದಿತ್ತು.

"ಯಾರ ಮನಿಗೆ ಹೋಗ್ತದ ಅಂತ ಗೊತ್ತಿಲ್ಲದ ಹ್ಯಾಂಗ ಕೊಡ್ಲಿ?" ಎಂದರು ಅಪ್ಪ. "ನಾನ ಗಿರಾಕಿ ಹುಡುಕ್ತೀನಿ."

"ನೀವು? ಸ್ವಂತ?" ಟಿಪ್ಪುಸಾಬ ನಕ್ಕ. ಅವನ ನಗುವಿಗೆ ಕುದುರೆಯೂ ಕಿವಿ ನಿಗುರಿಸಿತು. "ಆತು. ಸೋಮವಾರ ನೀವು ಧಾರವಾಡದ ಹಾದಿ ಹಿಡಿಯವರು. ಕುದುರಿನ್ನ ಬಸ್ಸಿನ ಟಾಪ್ ಮ್ಯಾಲ ಕಟ್ತೀರೇನು? ಐತವಾರ ಮುಂಜಾನೆ ಬರ್ತೇನಿ. ಆದ್ರ ಅವತ್ತ ನೂರಾ ಐವತ್ತಲ್ಲ, ನೂರಾ ಮೂವತ್ತು."

ಅಂದು ಬುಧವಾರ.

*

ಕುದುರೆಯ ಹೆಸರು ಬಿಜಲಿ. ಹೆಸರು ಮಿಂಚು, ನಡಿಗೆ ಮೋಡ. ಮಳೆಯಿಲ್ಲದ ಮೋಡ ಹೇಗೆ ನಿಧಾನವಾಗಿ ಹೋಗುತ್ತದೆಯೋ ಹಾಗೆ ಅದು ರೋಣದಿಂದ ಹೊರಟು ಹಳ್ಳಿ ಹಳ್ಳಿ ತಿರುಗುತ್ತಿತ್ತು. ಮೇಲೆ ದತ್ತೋಪಂತರು. ಎಡಗಡೆ ಜೀನಿಗೆ ಕಟ್ಟಿದ ತಗಡಿನ ಡಬ್ಬಿ.

ಆ ಡಬ್ಬಿಯೇ ಎಲ್ಲ ತಂಟೆಗೂ ಮೂಲ.

ದತ್ತೋಪಂತರು ಮುಂಬೈ ಸರಕಾರದ ನೌಕರರು. ಸಿಡುಬು ಬರದಂತೆ ಮಕ್ಕಳ ತೋಳಿಗೆ ದೇವಿ ಹಾಕುವುದು ಅವರ ಕೆಲಸ. ಊರವರು ಅವರನ್ನು 'ದೇವಿ ಡಾಕ್ಟರು' ಎನ್ನುತ್ತಿದ್ದರು. ಡಬ್ಬಿಯಲ್ಲಿ ಔಷಧ, ಅರಳೆ, ಚುಚ್ಚುವ ಸಾಮಾನು. ಮಕ್ಕಳಿಗೆ ಅದೆಲ್ಲ ಒಂದೇ, ಸೂಜಿ! ಆದ್ದರಿಂದ ಬಿಜಲಿ 'ಸೂಜಿ ಕುದುರಿ'.

ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರಲಿ ಎಂದು ದತ್ತೋಪಂತರು ಮೊದಮೊದಲು ಬಿಜಲಿಯ ಕೊರಳಿಗೆ ಗಂಟೆ ಕಟ್ಟಿದ್ದರು. ಗಂಟೆ ಕೇಳಿದ್ದೇ ತಡ, ಮಕ್ಕಳು ಕಣಜದ ಹಿಂದೆ, ಮಂಚದ ಕೆಳಗೆ, ಬಣವೆಯ ಮೇಲೆ! ಆಮೇಲೆ ಅವರು ಗಂಟೆಯೊಳಗೆ ಅರಳೆ ತುರುಕಿದರು. ಅಂದಿನಿಂದ ಬಿಜಲಿ ಸದ್ದಿಲ್ಲದೆ ಬರತೊಡಗಿತು. ಮಕ್ಕಳಿಗೆ ಅದು ಇನ್ನೂ ಹೆಚ್ಚಿನ ಮೋಸ ಅನಿಸಿತು.

ಹೋದ ವರ್ಷ ಅಪ್ಪ ಅನಸೂಯಾಳ ಸಾಲೆಗೇ ಬಂದಿದ್ದರು. ಅರ್ಧ ಕ್ಲಾಸು ಕಿಟಕಿಯಿಂದ ಹೊರಗೆ ಜಿಗಿಯಿತು. ರಾಘಣ್ಣನೆಂಬ ಹುಡುಗ ಹೆಡ್‌ಮಾಸ್ತರರ ಟೇಬಲ್ಲಿನ ಕೆಳಗೆ ನುಗ್ಗಿದ. ಅಲ್ಲಿ ಆಗಲೇ ಹೆಡ್‌ಮಾಸ್ತರರು ಕೂತಿದ್ದರಂತೆ. ಇದು ರಾಘಣ್ಣ ಹೇಳುವ ಕತೆ. ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು.

ಅಂದಿನಿಂದ ಸಾಲೆಯಲ್ಲಿ ಅನಸೂಯಾಳಿಗೆ ಹೆಸರೇ ಉಳಿಯಲಿಲ್ಲ. "ಏ ಸೂಜೀ!" ಎಂದೇ ಕರೆಯುತ್ತಿದ್ದರು. ಅವಳು ಮನೆಯಲ್ಲಿ ಬಿಜಲಿಯ ಕೊರಳು ತಬ್ಬಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಬಿಜಲಿ ಕಂಡರೆ ಮಾತ್ರ ಆಚೆ ಬದಿಗೆ ದಾಟಿ ಬೇರೆ ಕಡೆ ಮುಖ ಮಾಡಿಕೊಂಡು ನಡೆಯುತ್ತಿದ್ದಳು.

ಈಗ ಅಪ್ಪನಿಗೆ ಧಾರವಾಡದ ಆಫೀಸಿಗೆ ವರ್ಗವಾಗಿತ್ತು. ಅಲ್ಲಿ ಕುರ್ಚಿ ಇದೆ, ಕುದುರೆ ಬೇಡ.

*

ಗುರುವಾರ ರಾಜೂರಿನಿಂದ ಅಂದಾನೆಪ್ಪ ಬಂದರು. ದೊಡ್ಡ ಕಿರಾಣಿ ಅಂಗಡಿಯವರು. ಕುದುರೆಯ ಸುತ್ತ ಒಂದು ಸುತ್ತು ಹಾಕಿ ತಲೆದೂಗಿದರು. ಅನಸೂಯಾಳಿಗೆ ಖುಷಿಯಾಯಿತು.

ಅಷ್ಟರಲ್ಲಿ ಅಪ್ಪ ಕಿಸೆಯಿಂದ ಒಂದು ಕಾಗದ ತೆಗೆದರು. ಕನ್ನಡಕ ಏರಿಸಿದರು. ಕೆಮ್ಮಿದರು.

"ತಗೊಳ್ಳೂಕಿಂತ ಮೊದಲ ಇದನ್ನ ಕೇಳ್ರಿ. ಕುದುರಿ ಐಬುಗಳ ಯಾದಿ. ಒಂದು, ವಯಸ್ಸು ಹನ್ನೆರಡು ಮುಗದದ. ಎರಡು, ಎಡಗಣ್ಣು ಸಂಜಿ ಮುಂದ ಮಂಜು. ಮೂರು, ಹೊಳಿ ದಾಟೂದಿಲ್ಲ. ಕೊಣ್ಣೂರ ಹೊಳಿ ದಂಡಿಗೆ ನಿಂತು ಒಂದು ತಾಸು ವಿಚಾರ ಮಾಡಿ ಹೊಳ್ಳಿ ಬರ್ತದ. ನಾಲ್ಕು, ಛತ್ರಿ ಬಿಚ್ಚಿದ್ರ ಅಂಜತದ. ಐದು, ಬೆಲ್ಲ ಎಲ್ಲೇ ಇಟ್ಟಿರ್ರಿ, ಹುಡುಕಿ ತಿಂತದ..."

"ಬೆಲ್ಲಾ?" ಅಂದಾನೆಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ನನ್ನ ಅಂಗಡಿ ತುಂಬ ಬೆಲ್ಲನ ಐತಲ್ರಿ! ಬರ್ತೇನ್ರಿ ಡಾಕ್ಟರ. ನಮಸ್ಕಾರ."

ಶುಕ್ರವಾರ ನರಗುಂದದಿಂದ ಒಬ್ಬ ಬಂದ. ಮದುವೆಯ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವ. ಅವನು ಬೆಲ್ಲಕ್ಕೆ ಹೆದರಲಿಲ್ಲ. ಅಪ್ಪ ಆರನೆಯದನ್ನು ಓದಿದರು.

"ಆರು, ಬ್ಯಾಂಡ್ ಕೇಳಿದ್ರ ಕೂತುಬಿಡ್ತದ."

"ಕೂತುಬಿಡ್ತೈತಿ? ಮದುಮಗನ್ನ ಹೊತ್ತುಕೊಂಡು?" ಅವನು ರುಮಾಲು ಸರಿಮಾಡಿಕೊಂಡ. "ಮತ್ತ ಲಗ್ನ ಎಲ್ಲಿ ಮಾಡೂದ್ರಿ, ರಸ್ತಾದಾಗ?"

ಅವನೂ ಹೋದ. ಏಳನೆಯದು 'ಹೆಸರು ಬಿಜಲಿ, ಹೆಸರು ನಂಬಬ್ಯಾಡ್ರಿ' ಎಂದಿತ್ತು. ಎಂಟನೆಯದನ್ನು ಕೇಳುವವರೆಗಂತೂ ಯಾರೂ ನಿಲ್ಲಲೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಆ ಎಂಟನೆಯದೇ ಎಂದು ಅನಸೂಯಾಳಿಗೆ ಗೊತ್ತಿತ್ತು. ಮಗುವಿನ ಕೈ ಹಿಡಿದ ತಾಯಿ ಕಂಡರೆ ಸಾಕು, ಬಿಜಲಿ ಎಲ್ಲಿದ್ದರೂ ತಿರುಗಿ, ಡಬ್ಬಿ ಕಟ್ಟುವ ಎಡ ಮಗ್ಗುಲು ಅವರಿಗೆ ಕೊಟ್ಟು, ಕಲ್ಲಿನಂತೆ ನಿಂತುಬಿಡುತ್ತಿತ್ತು. ಮಗು ಅತ್ತು ಮುಗಿಸುವವರೆಗೆ ಬಾಲವನ್ನೂ ಅಲ್ಲಾಡಿಸುತ್ತಿರಲಿಲ್ಲ. ಎಂಟು ವರ್ಷದ ರೂಢಿ.

ಅಂದು ಊಟಕ್ಕೆ ಕೂತಾಗ ಅನಸೂಯಾ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಅಪ್ಪನಂತೆಯೇ ಕೆಮ್ಮಿದಳು. "ಈ ಭಕ್ಕರಿ ಐಬುಗಳ ಯಾದಿ. ಒಂದು, ಅಂಚು ಸುಟ್ಟದ. ಎರಡು, ದುಂಡಗಿಲ್ಲ..."

ಅವ್ವ ಭಾಗೀರಥಿಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಖರೇನ ಹೇಳ್ತಾಳ್ರಿ. ನೀವು ಕುದುರಿ ಮಾರ್ಲಿಕ್ಕೆ ಹತ್ತೀರೋ, ಅದಕ್ಕ ದವಾಖಾನಿ ಚೀಟಿ ಬರೀಲಿಕ್ಕೆ ಹತ್ತೀರೋ?"

ಅಪ್ಪ ನಗಲಿಲ್ಲ. "ಈಗ ಮುಚ್ಚಿಟ್ಟು ಮಾರಿದ್ರ ನಾಳೆ ಅವರಿಗೆ ಗೊತ್ತಾಗ್ತದಲ್ಲ? ಆಗ ಸಿಟ್ಟು ಯಾರ ಮ್ಯಾಲ ತೀರಸ್ತಾರ? ನಾ ಅಂತೂ ಧಾರವಾಡದಾಗ ಇರ್ತೀನಿ. ಅವರ ಕೈಯಾಗ ಸಿಗೂದು ಬಿಜಲಿ."

ಅನಸೂಯಾ ಭಕ್ಕರಿ ಮುರಿದಳು. ಉಳಿದದ್ದು ಒಂದೇ ದಿನ. ಅಪ್ಪನಿಗೆ ಮಾರಲು ಬರುವುದಿಲ್ಲ. ಟಿಪ್ಪುಸಾಬನಿಗೆ ಬರುತ್ತದೆ. ಟಿಪ್ಪುಸಾಬನಂತೆ ಮಾತಾಡಲು ಯಾರಿಗೆ ಬರುತ್ತದೆ?

ಅನಸೂಯಾಳಿಗೆ!

*

ಶನಿವಾರ ಮುಂಜಾನೆಯ ಸಾಲೆ. ಮಧ್ಯಾಹ್ನ ಅಪ್ಪ ಲೆಕ್ಕದ ರಿಜಿಸ್ಟರುಗಳನ್ನು ಒಪ್ಪಿಸಲು ಆಫೀಸಿಗೆ ಹೋಗಿದ್ದರು. ಅವ್ವ ಹಿತ್ತಲಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

ಅನಸೂಯಾ ಜೀನನ್ನು ಅಡಿಗೆಮನೆಯ ಮೂಲೆಯಲ್ಲಿ ಅಡಗಿಸಿದಳು. ಗಂಟೆಯನ್ನು ಬುಟ್ಟಿಯ ಕೆಳಗೆ ಮುಚ್ಚಿದಳು. ಬಿಜಲಿಯ ಹಣೆಯ ಎರಡು ಸುಳಿಯ ಮೇಲೆ ರೂಪಾಯಿಯಷ್ಟು ದೊಡ್ಡ ಕುಂಕುಮ ಹಚ್ಚಿದಳು. ಬಿಜಲಿ ಹೊಸ ಸೊಸೆಯಂತೆ ಕಂಡಿತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಬಿಸಿಲಿಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು. ಅವಳ ಹಿಂದೆ, ಗೋಡೆಯ ಮರೆಯಲ್ಲಿ, ಆರು ವರ್ಷದ ಹುಡುಗ ಚಪ್ಪಲಿಯಿಂದ ಮುಳ್ಳು ಕೀಳುತ್ತಿದ್ದ.

"ಡಾಕ್ಟರು ಅದಾರೇನವಾ? ನಾ ಜಕ್ಕಲಿ ಹೊನ್ನವ್ವ. ಕುದುರಿ ನೋಡಾಕ ಬಂದಿದ್ದೆ."

ಅನಸೂಯಾ ಗಂಟಲು ಸರಿಮಾಡಿಕೊಂಡಳು. ಎರಡೂ ಕೈ ಸೊಂಟಕ್ಕೆ ಹೋದವು. ಬಾಯಿಂದ ಬಂದದ್ದು ಪೂರ್ತಿ ಟಿಪ್ಪುಸಾಬ.

"ಬರ್ರಿ ಅಕ್ಕಾರ, ಬರ್ರಿ! ಇಂಥಾ ಕುದುರಿ ರೋಣ ತಾಲೂಕಿನ್ಯಾಗ ಇನ್ನೊಂದಿಲ್ಲ. ವಯಸ್ಸು ಆರು. ಹಲ್ಲು ನೋಡ್ರಿ, ಮಲ್ಲಿಗಿ ಮೊಗ್ಗಿ!"

"ಆರು?"

"ಆರು. ಏಳು ಇನ್ನ ಹತ್ತಬೇಕು."

"ಹೊಳಿ ದಾಟತೈತೇನು?"

"ಮೀನಿನಂಗ ದಾಟತೈತ್ರಿ! ನಾವು ದಾಟೂಕಿಂತ ಮೊದಲ ಅದು ಆಚಿ ದಂಡಿಗೆ!"

"ಎಲ್ಲಿಂದ ತಂದದ್ದವಾ?"

"ಹೋದ ತಿಂಗಳ ಕೊಪ್ಪಳದಿಂದ ತಂದೀವಿ."

ಹೊನ್ನವ್ವ ಒಂದು ಹೆಜ್ಜೆ ಮುಂದೆ ಬಂದಳು. "ಹಂಗಾದ್ರ... ಇದು ದೇವಿ ಡಾಕ್ಟರ ಕುದುರಿ ಅಲ್ಲಾ? ಅದ, ಹುಡುಗೂರು ಕಂಡು ಓಡ್ತಾವಲ್ಲ, ಆ ಕುದುರಿ?"

ಅನಸೂಯಾ ಹೆದರಿದ್ದು ಇದೇ ಪ್ರಶ್ನೆಗೆ. "ಛೇ ಛೇ! ಅದಲ್ಲ ಬಿಡ್ರಿ! ಅದನ್ನ ಯಾವಾಗೋ ಮಾರಿಬಿಟ್ಟೀವಿ."

"ಅಯ್ಯ ಶಿವನ!" ಹೊನ್ನವ್ವ ಹಣೆ ಬಡಿದುಕೊಂಡಳು. "ಜಕ್ಕಲಿಯಿಂದ ಈ ಬಿಸಲಾಗ ಬಂದೇನಲ್ಲ! ನನಗ ಆ ಕುದುರಿನ ಬೇಕಾಗಿತ್ತು. ಬ್ಯಾರೆ ಕುದುರಿ ಬೇಕಾಗಿದ್ರ ದಲಾಲರ ಕಡೆ ಹೋಗ್ತಿದ್ದೆ. ನಡಿ ತಮ್ಮಾ, ಹೋಗೂಣು."

ಅನಸೂಯಾ ಎರಡು ಹೆಜ್ಜೆ ಅವಳ ಹಿಂದೆ ಹೋಗಿ ನಿಂತಳು. ಆಡಿದ ಸುಳ್ಳನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ ಎಂದು ಟಿಪ್ಪುಸಾಬ ಎಂದೂ ತೋರಿಸಿರಲಿಲ್ಲ.

ಹುಡುಗ ಗೋಡೆಯ ಮರೆಯಿಂದ ಹೊರಗೆ ಬಂದ. ಹೊನ್ನವ್ವ ಅವನ ಕೈ ಹಿಡಿದಳು.

ಬಿಜಲಿ ಕಿವಿ ಎತ್ತಿತು. ನಿಧಾನವಾಗಿ, ಹಗ್ಗ ಬಿಟ್ಟಷ್ಟು ತಿರುಗಿತು. ತನ್ನ ಎಡ ಮಗ್ಗುಲನ್ನು ಅವರಿಬ್ಬರಿಗೆ ಕೊಟ್ಟು, ಕಲ್ಲಿನಂತೆ ನಿಂತಿತು. ಬಾಲವೂ ಅಲ್ಲಾಡಲಿಲ್ಲ.

ಹುಡುಗನ ಕೈ ತಟ್ಟನೆ ತೋಳಿಗೆ ಹೋಯಿತು. "ಅವ್ವಾ! ಸೂಜಿ ಕುದುರಿ!" ಎಂದು ಕಿರುಚಿ ತಾಯಿಯ ಸೀರೆಯಲ್ಲಿ ಹೊಕ್ಕ.

ಹೊನ್ನವ್ವ ಕುದುರೆಯನ್ನು ನೋಡಿದಳು. ಅನಸೂಯಾಳನ್ನು ನೋಡಿದಳು.

"ಹೌದ್ರಿ," ಎಂದಳು ಅನಸೂಯಾ. ಧ್ವನಿ ಸಣ್ಣದಾಗಿತ್ತು, ಆದರೆ ಅವಳದೇ ಆಗಿತ್ತು. "ಇದ ಅದು. ವಯಸ್ಸು ಹನ್ನೆರಡು. ಹೊಳಿ ಕಂಡ್ರ ಹೊಳ್ಳಿ ಬರ್ತದ. ಕುಂಕುಮದ ಕೆಳಗ ಎರಡು ಸುಳಿ ಅವ."

"ಮತ್ಯಾಕ ಸುಳ್ಳು ಹೇಳಿದಿ?"

"ಇದನ್ನ ಕಂಡ್ರ ಎಲ್ಲಾರೂ ಓಡಿ ಹೋಗ್ತಾರಲ್ರಿ."

ಹೊನ್ನವ್ವ ಮುಖದ ಮೇಲಿನ ಸೆರಗು ಸರಿಸಿದಳು. ನುಣ್ಣನೆಯ ಮಣ್ಣಿನ ಮೇಲೆ ಮಳೆಯ ದಪ್ಪ ಹನಿಗಳು ಬಿದ್ದರೆ ಗುಳಿ ಗುಳಿಯಾಗುತ್ತದಲ್ಲ, ಅವಳ ಮುಖ ಹಾಗಿತ್ತು. ಹಣೆ, ಗಲ್ಲ, ಮೂಗಿನ ತುದಿ, ಎಲ್ಲ ಕಡೆ ಸಿಡುಬಿನ ಕಲೆ.

ಅವಳು ಮಗನನ್ನು ಸೀರೆಯಿಂದ ಬಿಡಿಸಿ ಮುಂದೆ ನಿಲ್ಲಿಸಿದಳು. ಸೆರಗಿನ ತುದಿಯಿಂದ ಅವನ ಕಣ್ಣೀರು, ಧೂಳು ಎಲ್ಲ ಒರೆಸಿದಳು. ಕೆಳಗೆ ಹೊಳೆಯುವ, ನುಣುಪಾದ ಗಲ್ಲ ಕಂಡಿತು.

"ಇವನ ಮೋತಿ ನೋಡು," ಎಂದಳು. "ನಾ ಸಣ್ಣಾಕಿ ಇದ್ದಾಗ ನಮ್ಮೂರಿಗೆ ಈ ಕುದುರಿ ಬರ್ತಿದ್ದಿಲ್ಲ."

ಅನಸೂಯಾ ನೋಡಿದಳು. ಆ ಮುಖ, ಈ ಮುಖ. ಮತ್ತೆ ಆ ಮುಖ.

"ನಮ್ಮ ಮನಿಯವರು ಹೂವಪ್ಪ, ಹತ್ತಿ ಖರೀದಿಗೆ ಊರೂರು ತಿರಗ್ತಾರ," ಎಂದಳು ಹೊನ್ನವ್ವ. "ಕುದುರಿ ಬೇಕಾಗೇತಿ. ಕೊಂಡ್ರ ಡಾಕ್ಟರ ಕುದುರಿನ ಕೊಳ್ಳೂದು ಅಂತ ನಾ ಹಟ ಹಿಡದೇನಿ. ಹಾದಿ ಎಲ್ಲಾ ಅದಕ್ಕ ಗೊತ್ತೈತಿ."

*

ಅಪ್ಪ ಬಂದರು. ವಿಷಯ ಕೇಳಿದರು. ಕಿಸೆಗೆ ಕೈ ಹಾಕಿದರು.

"ಯಾದಿ ಬ್ಯಾಡ್ರಿ ಡಾಕ್ಟರ," ಎಂದಳು ಹೊನ್ನವ್ವ, ಅನಸೂಯಾಳ ಕಡೆ ಓರೆಗಣ್ಣಿನಿಂದ ನೋಡುತ್ತ. "ನಿಮ್ಮ ಮಗಳು ಎಲ್ಲಾ ಹೇಳ್ಯಾಳ."

"ಆಕಿ ಹೇಳಿದ್ದು ಬ್ಯಾರೆ, ಯಾದಿ ಬ್ಯಾರೆ. ಕುದುರಿ ಕಿಮ್ಮತ್ತು ಎರಡು ನೂರು. ಈಗ ಕೇಳ್ರಿ. ಒಂದು..."

ಹೊನ್ನವ್ವ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತಳು. "ಓದ್ರಿ ಹಂಗಾದ್ರ. ಒಂದ ಐಬಿಗೆ ಐದು ರೂಪಾಯಿ ಕಡಿಮಿ ಮಾಡ್ತೇನಿ."

ಅಪ್ಪ ಓದಿದರು. ವಯಸ್ಸಿಗೆ ಐದು ಹೋಯಿತು. ಕಣ್ಣಿಗೆ ಐದು, ಹೊಳೆಗೆ ಐದು. ಛತ್ರಿಗೆ ಹೊನ್ನವ್ವ ನಕ್ಕಳು, ಆದರೂ ಐದು ಬಿಡಲಿಲ್ಲ. ಬೆಲ್ಲ, ಬ್ಯಾಂಡು, ಹೆಸರು. ಏಳು ಮುಗಿಯುವಾಗ ಎರಡು ನೂರು ಕರಗಿ ನೂರಾ ಅರವತ್ತೈದಾಗಿತ್ತು.

"ಅಪ್ಪಾ, ಸಾಕು! ಎಂಟನೇದು ಓದಬ್ಯಾಡ!" ಎಂದಳು ಅನಸೂಯಾ.

ಅಪ್ಪ ಕೇಳುವವರೇ? "ಎಂಟು, ಮಗೂನ ಜೋಡಿ ತಾಯಿ ಕಂಡ್ರ ಎಡ ಮಗ್ಗಲಾ ಕೊಟ್ಟು ನಿಂತುಬಿಡ್ತದ. ಮಗೂನ ಅಳು ಮುಗಿಯೂತನಕ ಅಲ್ಲಾಡೂದಿಲ್ಲ."

ಹೊನ್ನವ್ವ ಕೂತಲ್ಲಿಂದ ಎದ್ದಳು. "ಅದನ್ನ ಐಬಿನ ಯಾದ್ಯಾಗ ಯಾರು ಬರದ್ರು?"

"ನಾನ."

"ಹೊಡದ ಹಾಕ್ರಿ."

ಅಪ್ಪ ಅವಳನ್ನು ನೋಡಿದರು. ಕಾಗದ ನೋಡಿದರು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಎಂಟನೆಯದರ ಮೇಲೆ ಒಂದು ನೆಟ್ಟಗಿನ ಗೆರೆ ಎಳೆದರು. ಸರಕಾರಿ ಕಾಗದದಲ್ಲಿ ಕಾಟು ಹಾಕಿದರೆ ಹೇಗೆ ಮಾಡಬೇಕೋ ಹಾಗೆ ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅದು ಮೊದಲೇ ಸ್ವಚ್ಛವಾಗಿತ್ತು.

ಹೊನ್ನವ್ವ ನೂರಾ ಎಪ್ಪತ್ತು ಎಣಿಸಿ ಕೊಟ್ಟಳು.

"ಐದು ಹೆಚ್ಚಿಗಿ ಆತಲ್ರಿ," ಎಂದರು ಅಪ್ಪ.

"ಅದು ಎಂಟನೇದಕ್ಕ," ಎಂದಳು ಹೊನ್ನವ್ವ. "ಗಂಟಿ ಎಲ್ಲೈತವಾ?"

ಅನಸೂಯಾ ಬುಟ್ಟಿಯ ಕೆಳಗಿಂದ ಗಂಟೆ ತಂದಳು. ಬೆರಳು ತೂರಿಸಿ ಒಳಗಿನ ಅರಳೆಯನ್ನು ಎಳೆದಳು. ಹಳೆಯ ಅರಳೆ, ಎಳೆದಷ್ಟೂ ಬಂದಿತು. ಪೂರ್ತಿ ತೆಗೆದು, ಬಿಜಲಿಯ ಕೊರಳಿಗೆ ತಾನೇ ಕಟ್ಟಿದಳು.

*

ಹೊನ್ನವ್ವ ಹಗ್ಗ ಹಿಡಿದು ಮುಂದೆ ನಡೆದಳು. ಹುಡುಗ ಬಿಜಲಿಯ ಮೇಲೆ ಕೂತಿದ್ದ. ಏರುವಾಗ ಅತ್ತಿದ್ದ, ಈಗ ಇಳಿ ಅಂದರೆ ಅಳುವ ಹಾಗಿದ್ದ. ಊರ ಅಂಚಿನವರೆಗೆ ಬಿಟ್ಟು ಬರಲು ಅನಸೂಯಾ ಹೊರಟಳು, ಸ್ವಲ್ಪ ಹಿಂದೆ.

ಠಣ್, ಠಣ್, ಠಣ್.

ಎಷ್ಟೋ ವರ್ಷಗಳ ಮೇಲೆ ಆ ಗಂಟೆ ಬಾಯಿಬಿಟ್ಟಿತ್ತು.

ಚಹಾದಂಗಡಿಯಲ್ಲಿ ಟಿಪ್ಪುಸಾಬ ಕೂತಿದ್ದ. ಬಶಿಯಲ್ಲಿದ್ದ ಚಹಾ ಬಶಿಯಲ್ಲೇ ಉಳಿಯಿತು.

"ಮಾರೇಬಿಟ್ರೇನು? ಎಷ್ಟಕ್ಕ?"

"ನೂರಾ ಎಪ್ಪತ್ತಕ್ಕ," ಎಂದಳು ಅನಸೂಯಾ.

"ನಿಮ್ಮಪ್ಪ ಯಾದಿ ಓದಲಿಲ್ಲಾ? ಊರಿಗೆಲ್ಲಾ ಅದರದ ಸುದ್ದಿ! ಎಂಟೂ ಐಬು ಓದಿ, ನೂರಾ ಎಪ್ಪತ್ತು?"

"ಎಂಟಲ್ಲ, ಏಳ. ಎಂಟನೇದು ಹೊಡದ ಹಾಕೀವಿ. ಸಹಿ ಆಗೇದ."

ಟಿಪ್ಪುಸಾಬ ಆಕಾಶ ನೋಡಿದ. ಈ ಸಲ ಅಲ್ಲಿ ಏನೂ ಬರೆದಿರಲಿಲ್ಲ. "ಇಪ್ಪತ್ತು ವರ್ಷ ಧಂದೇ ಮಾಡೇನಿ," ಎಂದು ಗೊಣಗಿದ. "ಇಂಥಾ ವ್ಯಾಪಾರ ನೋಡಿಲ್ಲ ಬಿಡವಾ." ಎದ್ದು ಬಂದು, ಅಂಗಡಿಯ ಬೆಲ್ಲದ ಚೂರೊಂದನ್ನು ಬಿಜಲಿಯ ಬಾಯಿಗೆ ಇಟ್ಟ. ಅದು 'ಆ' ಅಂದಿತು.

ಗಂಟೆಯ ಸದ್ದಿಗೆ ತಿರುಗಿ ಸೂಜಿ ಕುದುರೆಯನ್ನು ಕಂಡದ್ದೇ ತಡ, ಸಾಲೆಯ ಬೀದಿ ಖಾಲಿಯಾಗತೊಡಗಿತು. ಒಂದು ಬಾಗಿಲು ಢಬ್ ಎಂದಿತು. ಗೋಲಿ ಆಡುತ್ತಿದ್ದವರು ಗೋಲಿ ಬಿಟ್ಟು ಓಡಿದರು. ರಾಘಣ್ಣ ಮತ್ತೆ ಇಬ್ಬರು ಬೇವಿನ ಮರ ಹತ್ತಿ, ಟೊಂಗೆ ತಬ್ಬಿಕೊಂಡು ಕೂತರು.

ಅನಸೂಯಾ ಮರದ ಕೆಳಗೆ ನಿಂತು ಮೇಲೆ ನೋಡಿದಳು.

ಟೊಂಗೆ ಹಿಡಿದ ಕೈಗಳಿಂದ ಅಂಗಿಯ ತೋಳುಗಳು ಜಾರಿದ್ದವು. ರಾಘಣ್ಣನ ತೋಳಿನಲ್ಲಿ ದೇವಿ ಹಾಕಿದ ಎರಡು ದುಂಡನೆಯ ಕಲೆ. ಪಕ್ಕದವನ ತೋಳಿನಲ್ಲಿ ಎರಡು. ಮೂರನೆಯವನ ತೋಳಿನಲ್ಲಿಯೂ ಎರಡು. ಎಲೆಗಳ ನಡುವಿನಿಂದ ಮೂರು ಮುಖ ಇಣುಕುತ್ತಿದ್ದವು. ಮೂರೂ ನುಣ್ಣಗಿದ್ದವು.

ಅವಳು ಮೂರು ಮುಖಗಳನ್ನೂ ನಿಧಾನವಾಗಿ ನೋಡಿದಳು, ಇದೇ ಮೊದಲ ಸಲ ನೋಡುವವಳಂತೆ.

"ಏ ಸೂಜೀ!" ರಾಘಣ್ಣ ಮೇಲಿನಿಂದ ಕೂಗಿದ. "ಏ ಸೂಜೀ! ನಿಮ್ಮಪ್ಪ ಎಲ್ಲಿದ್ದಾರ? ಹಿಂದ ಬರ್ಲಿಕ್ಕೆ ಹತ್ಯಾರೇನು?"

"ಓ!" ಎಂದು ಆ ಹೆಸರಿಗೇ ಓಗೊಟ್ಟಳು ಅನಸೂಯಾ, ಇಡೀ ಬೀದಿಗೆ ಕೇಳುವಂತೆ.

ಆಮೇಲೆ ನಾಲ್ಕು ಹೆಜ್ಜೆ ಓಡಿ, ಇಷ್ಟು ದಿನ ಡಬ್ಬಿ ತೂಗುತ್ತಿದ್ದ ಎಡ ಮಗ್ಗುಲಿಗೆ ಬಂದು, ಬಿಜಲಿಯ ಜೊತೆಗೆ ಬೀದಿಯ ನಟ್ಟನಡುವೆ ನಡೆದಳು.